ಅಂತರ್ಜಾಲಕ್ಕೆ ಮರೆವು ಹೆಚ್ಚು

‘ನೆಟ್ಟಿಗೆ ಹಾಕಿದ್ದು ಶಾಶ್ವತ’ ಎಂಬ ಮಾತು ಶುದ್ಧ ಸುಳ್ಳು. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತೇ ವರ್ಷದಲ್ಲಿ ಸಿಗದಂತಾಗಿದ್ದವು ಎಂದು ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಕೊಟ್ಟಿತು. ಅದೇ ವರ್ಷ ಗೂಗಲ್ ತನ್ನ ‘ಕ್ಯಾಶ್’ ಕೊಂಡಿಗಳನ್ನು ಕಿತ್ತುಹಾಕಿತು. ಪುಟ ಸತ್ತರೂ ಅದರ ನಕಲನ್ನು ತೋರಿಸುತ್ತಿದ್ದ ಕಿಂಡಿ ಮುಚ್ಚಿತು.

ಈಗ ಹೆಚ್ಚಿನವರಿಗೆ ಉಳಿದಿರುವುದು ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ನಡೆಸುವ ವೇಬ್ಯಾಕ್ ಮಷೀನ್. ಹಳೆಯ ವಿಳಾಸವನ್ನು ಅಲ್ಲಿ ಅಂಟಿಸಿದರೆ ಕ್ಯಾಲೆಂಡರ್ ತೆರೆಯುತ್ತದೆ. ಗುರುತು ಮಾಡಿದ ದಿನಾಂಕ ಒತ್ತಿದರೆ ಅಂದಿನ ಪುಟ ಕಾಣುತ್ತದೆ. ಆದರೆ ಅಲ್ಲಿರುವುದು ಅದರ ಯಂತ್ರದ ಕಣ್ಣಿಗೆ ಬಿದ್ದದ್ದು ಅಥವಾ ಯಾರಾದರೂ ಉಳಿಸಿದ್ದು ಮಾತ್ರ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಅದೂ ಕೆಲವು ದಿನ ಕದ ಹಾಕಿತ್ತು. ಜಗತ್ತಿನ ನೆನಪಿನ ಭಾರವನ್ನೆಲ್ಲ ಒಂದು ಲಾಭರಹಿತ ಸಂಸ್ಥೆಯ ಹೆಗಲಿಗೆ ಹೊರಿಸಿ ನಾವು ಹಾಯಾಗಿದ್ದೇವೆ.

ಕನ್ನಡದ ಪಾಡು ಇನ್ನೂ ಕಷ್ಟ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಎಷ್ಟೋ ಕನ್ನಡ ತಾಣಗಳು ತಮ್ಮ ತಮ್ಮ ಫಾಂಟುಗಳಲ್ಲಿದ್ದವು. ಇಂದು ಅವುಗಳ ನಕಲು ಸಿಕ್ಕರೂ ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ.

ಅಚ್ಚಿನ ಪುಸ್ತಕಕ್ಕಾದರೆ 1954ರ ಕಾಯ್ದೆಯಿದೆ: ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಬ್ರಿಟನ್ 2013ರಲ್ಲೇ ಜಾಲತಾಣಗಳನ್ನೂ ಇಂಥ ನಿಯಮದೊಳಗೆ ತಂದಿತು. ನಮ್ಮ ಕಾಯ್ದೆ ಬರೆದದ್ದು ಕಾಗದಕ್ಕಾಗಿ.

ಹಾಗೆಂದು ಸರ್ಕಾರವನ್ನಷ್ಟೇ ಬೈದರೆ ಸಾಲದು. ಹೊಸ ವಿನ್ಯಾಸದ ಉಮೇದಿನಲ್ಲಿ ಹಳೆಯ ಲೇಖನಗಳ ವಿಳಾಸವನ್ನೇ ಮುರಿದುಹಾಕುವ ಸಂಪಾದಕರು, ಕವಿತೆ ಪ್ರಕಟವಾದ ದಿನ ಕೊಂಡಿ ಹಂಚಿ ಮರೆಯುವ ಕವಿಗಳು, ಅಡಿಟಿಪ್ಪಣಿಯಲ್ಲಿ ಬರೀ ವಿಳಾಸ ಬರೆದು ಕೈತೊಳೆದುಕೊಳ್ಳುವ ಸಂಶೋಧಕರು ಎಲ್ಲರೂ ಈ ಅಳಿವಿನ ಪಾಲುದಾರರೇ.

‘ನೆಟ್ಟಿನಲ್ಲಿರುವುದು ಬಹುಪಾಲು ಕಸ, ಹೋದರೆ ಹೋಗಲಿ’ ಎನ್ನುವವರಿದ್ದಾರೆ. ಕಸ ಯಾವುದು, ಕಾಳು ಯಾವುದು ಎಂದು ಇಂದೇ ತೀರ್ಪು ಕೊಡಲು ನಾವು ಯಾರು? ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಬ್ಬ ಪಂಡಿತರು ಓಲೆಗರಿಯ ಕಟ್ಟೊಂದನ್ನು ಒಪ್ಪಿಸಿದ್ದರಿಂದಲೇ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚಿಗೆ ತರಲು ಸಾಧ್ಯವಾಯಿತು. ಆ ಕಟ್ಟು ಒಲೆಗೆ ಬಿದ್ದಿದ್ದರೆ ಕೇಳುವವರಿರಲಿಲ್ಲ.

ವೇಬ್ಯಾಕ್ ಮಷೀನಿನಲ್ಲಿ ‘ಸೇವ್ ಪೇಜ್ ನೌ’ ಎಂಬ ಗುಂಡಿಯಿದೆ. ನೀವು ಬರೆದದ್ದನ್ನೂ ಮೆಚ್ಚಿದ್ದನ್ನೂ ಇಂದೇ ಅಲ್ಲಿ ಉಳಿಸಿ, ಉಳಿಸಿದ ಪ್ರತಿಯ ವಿಳಾಸವನ್ನೇ ಟಿಪ್ಪಣಿಯಲ್ಲಿ ಕೊಡಿ. ಕಳೆದ ಮೇಲೆ ಹುಡುಕುವವರು ಬೇಕಾದಷ್ಟು ಮಂದಿ ಇದ್ದಾರೆ; ಕಳೆಯುವ ಮುನ್ನ ಎತ್ತಿಡುವವರು ಬೇಕಾಗಿದ್ದಾರೆ.