ಗರ್ಭಚೀಲ ತೆಗೆಯೋ ಮೊದಲು ರಿಪೋರ್ಟ್ ತೋರಿಸ್ರಿ, ಡಾಕ್ಟ್ರೇ

ನಮ್ಮ ಭಾಗದ ತಾಂಡಾಗಳಲ್ಲಿ, ಕೇರಿಗಳಲ್ಲಿ ಮೂವತ್ತೈದು ದಾಟಿದ ಹೆಣ್ಣುಮಕ್ಕಳ ಜೊತೆ ಕೂತು ಮಾತಾಡಿದರೆ "ಚೀಲ ತೆಗಿಸೀನ್ರಿ" ಅನ್ನುವವರು ಸಿಗದೇ ಇರುವುದು ಅಪರೂಪ. ಯಾಕೆ ತೆಗೆಸಿದ್ರಿ ಅಂತ ಕೇಳಿದರೆ ಬರುವ ಉತ್ತರಗಳು ನಮಗೆ ಬಾಯಿಪಾಠ ಆಗಿವೆ. "ಬಿಳಿ ಸೆರಗು ಹೋಗ್ತಿತ್ರಿ." "ಸೊಂಟ ಭಾಳ ನೋಯ್ತಿತ್ರಿ." "ಬಿಟ್ರ ಮುಂದ ಕ್ಯಾನ್ಸರ್ ಆಗ್ತದಂತ ಅಂದ್ರು, ಅಂಜಿ ತೆಗಿಸಿದೆ." ಯಾವ ಪರೀಕ್ಷೆ ಮಾಡಿದ್ರು ಅಂದರೆ ಒಂದು ಸ್ಕ್ಯಾನಿಂಗ್ ಚೀಟಿ ತೋರಿಸುತ್ತಾರೆ. ಕೆಲವರ ಹತ್ತಿರ ಅದೂ ಇರುವುದಿಲ್ಲ.

ನಾವು ಇಲ್ಲಿ ಹೇಳಹೊರಟಿರುವುದು ನೇರ ಮಾತು. ಮುಂದೆ ಬರಬಹುದಾದ ಕ್ಯಾನ್ಸರ್ ಹೆಸರು ಹೇಳಿ, ಪರೀಕ್ಷೆಯನ್ನೇ ಮಾಡದೆ ಗರ್ಭಚೀಲ ತೆಗೆಯುವುದು ಮುಂಜಾಗ್ರತೆ ಅಲ್ಲ, ವ್ಯಾಪಾರ. ಅದಕ್ಕೆ ಹೆದರಿ ಬಂದ ಹೆಣ್ಣುಮಕ್ಕಳಿಗೆ "ಆಪರೇಷನ್ನೇ ಬೇಡ, ನಮ್ಮ ಕಷಾಯ ಕುಡಿ, ಗಡ್ಡೆ ಕರಗಿ ಹೋಗ್ತದೆ" ಅಂತ ಮೊಬೈಲಿನಲ್ಲಿ ಬಾಟಲಿ ಮಾರುವುದೂ ವ್ಯಾಪಾರವೇ. ಒಬ್ಬ ಚಾಕು ಹಿಡಿದಿದ್ದಾನೆ, ಇನ್ನೊಬ್ಬ ಬಾಟಲಿ ಹಿಡಿದಿದ್ದಾನೆ. "ನಿನಗೆ ಏನಾಗಿದೆ ಅಂತ ಮೊದಲು ನೋಡೋಣ, ತಂಗಿ" ಅನ್ನುವ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರುವುದಿಲ್ಲ.

ಮೊದಲು ಲೆಕ್ಕ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ ಮೂವರಿಗಿಂತ ಹೆಚ್ಚು ಜನ ಗರ್ಭಚೀಲ ಕಳೆದುಕೊಂಡಿದ್ದಾರೆ. ಪಕ್ಕದ ಆಂಧ್ರದಲ್ಲಿ ಈ ಸಂಖ್ಯೆ ಒಂಬತ್ತರ ಹತ್ತಿರ ಇದೆ, ತೆಲಂಗಾಣದಲ್ಲಿ ಎಂಟು. ಇವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಆಪರೇಷನ್ ಆಗಿರುವುದು ಖಾಸಗಿ ಆಸ್ಪತ್ರೆಗಳಲ್ಲಿ. ಇನ್ನು ಅದೇ ಸಮೀಕ್ಷೆಯ ಮತ್ತೊಂದು ಸಾಲು ನೋಡಿ. 30ರಿಂದ 49 ವಯಸ್ಸಿನವರಲ್ಲಿ ಗರ್ಭಚೀಲದ ಬಾಯಿಯ ಕ್ಯಾನ್ಸರ್ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಇನ್ನೊಮ್ಮೆ ಓದಿ. ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಂಡವರಿಗಿಂತ ಗರ್ಭಚೀಲವನ್ನೇ ತೆಗೆಸಿಕೊಂಡವರ ಪ್ರಮಾಣ ಹೆಚ್ಚು. ಕ್ಯಾನ್ಸರ್ ಮೇಲೆ ಇಷ್ಟು ಕಾಳಜಿ ಇರುವ ಡಾಕ್ಟರುಗಳು ಆ ಪರೀಕ್ಷೆಯನ್ನು ಯಾಕೆ ಮಾಡುವುದಿಲ್ಲ?

ಆ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಅಡುಗೆಯ ವಿನಿಗರ್‌ನಲ್ಲಿ ಇರುವ ಅಸಿಟಿಕ್ ಆಸಿಡನ್ನೇ ತೆಳ್ಳಗೆ ಮಾಡಿ ಗರ್ಭಚೀಲದ ಬಾಯಿಗೆ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬೆಳ್ಳಗಾದ ಜಾಗ ಕಂಡರೆ ಮುಂದಿನ ತಪಾಸಣೆ. ತರಬೇತಿ ಪಡೆದ ನರ್ಸ್ ಕೂಡ ಮಾಡಬಹುದು. ಮೂವತ್ತು ದಾಟಿದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಇದನ್ನು ಉಚಿತವಾಗಿ ಮಾಡಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ. ಈ ಕ್ಯಾನ್ಸರ್ ರಾತ್ರೋರಾತ್ರಿ ಬರುವುದಲ್ಲ. ಎಚ್‌ಪಿವಿ ಅನ್ನುವ ವೈರಸ್ ತಗುಲಿ, ಅದು ಹೋಗದೆ ಉಳಿದುಕೊಂಡರೆ, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಪತ್ತೆಯಾದರೆ ಕೆಟ್ಟ ಜಾಗವನ್ನಷ್ಟೇ ಸುಟ್ಟು ಅಥವಾ ತೆಗೆದು ಗುಣ ಮಾಡಬಹುದು, ಚೀಲ ಉಳಿಯುತ್ತದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹಾಕಿಸುವ ಲಸಿಕೆಯೂ ಇದೆ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಬಂದಿದೆ. ಕ್ಯಾನ್ಸರ್ ತಡೆಯುವುದು ಅಂದರೆ ಇದು.

ನಮ್ಮ ಕಲಬುರಗಿ ಏನು ನೋಡಿದೆ ಅನ್ನುವುದನ್ನು ಮರೆಯಬಾರದು. 2015ರಲ್ಲಿ ಇಲ್ಲಿನ ತಾಂಡಾ, ಹಳ್ಳಿಗಳ ಸಂಗತಿ ಹೊರಗೆ ಬಂತು. ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಚೀಲ ತೆಗೆದಿದ್ದರು. ಹೆಚ್ಚಿನವರು ಲಂಬಾಣಿಗರು, ದಲಿತರು. ನಲವತ್ತು ದಾಟದವರೂ ಬಹಳ. ಹೊಟ್ಟೆನೋವು, ಬಿಳಿ ಸೆರಗು ಅಂತ ಹೋದವರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಕಳಿಸಿದ ಕಥೆಗಳು ಅವು. 2017ರ ಫೆಬ್ರವರಿಯಲ್ಲಿ ಈ ಹೆಣ್ಣುಮಕ್ಕಳು ಜಿಲ್ಲಾಧಿಕಾರಿ ಕಚೇರಿ ಮುಂದೆ ಬಂದು ಕೂತರು, ಆಸ್ಪತ್ರೆಗಳ ಪರವಾನಗಿ ರದ್ದು ಮಾಡಿ ಅಂತ ಕೇಳಿದರು. ಹೊಟ್ಟೆ ಮೇಲಿನ ಹೊಲಿಗೆ ತೋರಿಸಿಕೊಂಡು ನ್ಯಾಯ ಕೇಳುವ ಗತಿ ಯಾರಿಗೂ ಬರಬಾರದು.

ಗಡಿಯಾಚೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯದು ಇದರ ಅಣ್ಣನಂಥ ಕಥೆ. ಅಲ್ಲಿಂದ ಕಬ್ಬು ಕಡಿಯಲು ನಮ್ಮ ರಾಜ್ಯಕ್ಕೂ ಜೋಡಿಗಳು ಬರುತ್ತವೆ. 2019ರಲ್ಲಿ ಅಲ್ಲಿನ ಸರ್ಕಾರದ ಸಮಿತಿ ಕಬ್ಬು ಕಡಿಯುವ 82 ಸಾವಿರ ಹೆಣ್ಣುಮಕ್ಕಳನ್ನು ಸಮೀಕ್ಷೆ ಮಾಡಿದಾಗ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಚೀಲ ತೆಗೆದಿತ್ತು. ಮುಟ್ಟಾದ ದಿನ ಕೆಲಸ ತಪ್ಪಿದರೆ ಮುಕಾದಮ್ ದಂಡ ಹಾಕುತ್ತಾನೆ. ಹೊಲದಲ್ಲಿ ಶೌಚಾಲಯ ಇಲ್ಲ, ನೀರಿಲ್ಲ. ಮುಟ್ಟೇ ಇಲ್ಲದಿದ್ದರೆ ದಂಡವೂ ಇಲ್ಲ.

ಇಲ್ಲಿ ಡಾಕ್ಟರುಗಳ ಒಂದು ವಾದ ಇದೆ. "ನಾವು ಒತ್ತಾಯ ಮಾಡಲ್ಲ. ಅವರೇ ಬಂದು ತೆಗೀರಿ ಅಂತಾರೆ." ಈ ಮಾತು ಪೂರ್ತಿ ಸುಳ್ಳಲ್ಲ. ಇಪ್ಪತ್ತೈದು ತುಂಬುವುದರೊಳಗೆ ಮಕ್ಕಳ ಆಪರೇಷನ್ ಆಗಿರುತ್ತದೆ. ಆಮೇಲೆ ಅತ್ತೆಯಿಂದ ಹಿಡಿದು ಪಕ್ಕದ ಮನೆಯವರ ತನಕ "ಮಕ್ಕಳಾದ ಮ್ಯಾಲ ಅದ್ರದೇನು ಕೆಲಸ" ಅನ್ನುತ್ತಾರೆ. ತಿಂಗಳಿಗೆ ಹತ್ತು ದಿನ ರಕ್ತ ಹೋಗುತ್ತಾ ಕೂಲಿಗೆ ಹೋಗುವವಳು ಬೇಸತ್ತು "ತೆಗೆದು ಹಾಕ್ರಿ" ಅನ್ನುತ್ತಾಳೆ. ಆದರೆ ಆಕೆ ಕೇಳಿದ್ದು ರಕ್ತ ನಿಲ್ಲಲಿ ಅಂತ. ಅದಕ್ಕೆ ಬೇರೆ ದಾರಿ ಇದೆ ಅಂತ ಹೇಳಬೇಕಾದವರು ಹೇಳದೆ ಸಹಿ ಹಾಕಿಸಿಕೊಂಡರೆ ಅದನ್ನು ಒಪ್ಪಿಗೆ ಅನ್ನಲಾಗದು.

ಬೇರೆ ದಾರಿ ಯಾವುದು? ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಹಾರ್ಮೋನ್ ಮಾತ್ರೆಗಳಿವೆ. ಕಾಪರ್-ಟಿ ಥರ ಒಳಗೆ ಕೂರಿಸುವ ಹಾರ್ಮೋನ್ ವಂಕಿ ಇದೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಗಡ್ಡೆ ಇದ್ದರೆ ಎಷ್ಟೋ ಸಲ ಗಡ್ಡೆಯನ್ನಷ್ಟೇ ತೆಗೆಯಬಹುದು. ತೊಂದರೆ ಕೊಡದ ಸಣ್ಣ ಗಡ್ಡೆಯನ್ನು ಮುಟ್ಟದೆ ಬಿಡಬಹುದು, ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ವಾಸನೆ, ತುರಿಕೆ ಇರುವ ಬಿಳಿ ಸೆರಗು ಬಹುಪಾಲು ಸೋಂಕಿನಿಂದ ಬರುವುದು, ಮಾತ್ರೆಗೆ ವಾಸಿಯಾಗುತ್ತದೆ. ವಾಸನೆ, ತುರಿಕೆ ಇಲ್ಲದ ತೆಳು ಸೆರಗು ರೋಗವೇ ಅಲ್ಲ. ಸೊಂಟ ನೋವಿಗೆ ಬಗ್ಗಿ ಕಳೆ ತೆಗೆಯುವ ಕೆಲಸ ಕಾರಣವಾಗಿದ್ದರೆ ಚೀಲ ತೆಗೆದರೂ ನೋವು ಹೋಗುವುದಿಲ್ಲ.

ಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರೆ ಬೆಲೆ ಇನ್ನೂ ಹೆಚ್ಚು. ಮೂವತ್ತೈದಕ್ಕೇ ಮುಟ್ಟು ನಿಂತ ಮುದುಕಿಯ ದೇಹ ಬರುತ್ತದೆ. ಮೈಯೆಲ್ಲ ಬಿಸಿ ಉಕ್ಕುತ್ತದೆ, ನಿದ್ದೆ ಹಾರಿಹೋಗುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಅಂಡಾಶಯ ಉಳಿಸಿದರೂ ಅವು ಬೇಗ ಸೋಲುವ ಸಾಧ್ಯತೆ ಇದೆ. ಕೂಲಿ ತಪ್ಪಬಾರದು ಅಂತ ಆಪರೇಷನ್ ಮಾಡಿಸಿದವಳು ಆಮೇಲೆ ಕೂಲಿ ಮಾಡಲಾಗದೆ ಕೂರುತ್ತಾಳೆ. ಕಾರ್ಡಿನಲ್ಲಿ ಪುಕ್ಕಟೆ ಆದರೂ ಹೋಗುವ ಅಂಗ ನಮ್ಮ ಮನೆಯವರದೇ.

ಹಾಗಾದರೆ ಮುಂಜಾಗ್ರತೆಯ ಆಪರೇಷನ್ ಅನ್ನುವುದೇ ಮೋಸವೇ? ಅಲ್ಲ. ಹಾಲಿವುಡ್ ನಟಿ ಏಂಜಲೀನಾ ಜೋಲಿ 2013ರಲ್ಲಿ ಎರಡೂ ಸ್ತನಗಳನ್ನು, 2015ರಲ್ಲಿ ಅಂಡಾಶಯಗಳನ್ನು ಕ್ಯಾನ್ಸರ್ ಬರುವ ಮೊದಲೇ ತೆಗೆಸಿಕೊಂಡರು. ಆದರೆ ಅವರ ತಾಯಿ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ರಕ್ತಪರೀಕ್ಷೆಯಲ್ಲಿ ಬಿಆರ್‌ಸಿಎ-1 ಅನ್ನುವ ಜೀನಿನ ದೋಷ ಖಚಿತವಾಗಿತ್ತು. ಆ ದೋಷ ಇರುವವರಿಗೆ ಯಾವ ಬೇರು, ಯಾವ ಪಥ್ಯವೂ ಆಪರೇಷನ್ನಿನಷ್ಟು ರಕ್ಷಣೆ ಕೊಡುವುದಿಲ್ಲ. ನಮ್ಮೂರಲ್ಲೂ ಒಂದೇ ಮನೆಯ ಅವ್ವ, ಚಿಗವ್ವ, ಅಕ್ಕನಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಈ ಪರೀಕ್ಷೆಯ ಬಗ್ಗೆ ಕೇಳಲೇಬೇಕು. ಜೋಲಿಯವರ ಆಪರೇಷನ್ನಿಗೂ ನಮ್ಮ ತಾಂಡಾದ ಆಪರೇಷನ್ನಿಗೂ ಇರುವ ಅಂತರ ಒಂದು ರಿಪೋರ್ಟ್.

ಈಗ ಬಾಟಲಿಯವರ ಕಡೆ ಬರೋಣ. "ನೈಸರ್ಗಿಕ" ಅನ್ನುವ ಪದ ಹಚ್ಚಿದ ತಕ್ಷಣ ಮದ್ದು ಒಳ್ಳೆಯದಾಗುವುದಿಲ್ಲ. ಗಡ್ಡೆ ಕರಗಿಸುತ್ತೇವೆ, ಕ್ಯಾನ್ಸರ್ ಬರದಂತೆ ಮಾಡುತ್ತೇವೆ ಅನ್ನುವವರಿಗೂ ನಮ್ಮದು ಅದೇ ಪ್ರಶ್ನೆ: ರಿಪೋರ್ಟ್ ಎಲ್ಲಿ? ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಬಂದರೆ, ನಾರುವ ಕೆಂಪು ಸೆರಗು ಹೋಗುತ್ತಿದ್ದರೆ ಕಷಾಯ ಕುಡಿಯುತ್ತಾ ಕೂರಬೇಡಿ. ಅದು ಕ್ಯಾನ್ಸರ್ ಆಗಿದ್ದರೆ ಕಷಾಯದಲ್ಲಿ ಕಳೆದ ಆರು ತಿಂಗಳಲ್ಲಿ ಜೀವವೇ ಹೋಗಬಹುದು. ಕ್ಯಾನ್ಸರ್, ಮಾತ್ರೆಗೆ ಬಗ್ಗದ ರಕ್ತಸ್ರಾವ, ಪೂರ್ತಿ ಜಾರಿ ಹೊರಬಂದ ಗರ್ಭಚೀಲ, ಹೆರಿಗೆಯಲ್ಲಿ ನಿಲ್ಲದ ರಕ್ತ ಇಂಥ ಹೊತ್ತಲ್ಲಿ ಗರ್ಭಚೀಲ ತೆಗೆಯುವ ಡಾಕ್ಟರು ಜೀವ ಉಳಿಸುತ್ತಾರೆ. ಅವರಿಗೆ ನಾವು ಕೈಮುಗಿಯುತ್ತೇವೆ.

ನೈಸರ್ಗಿಕ ದಾರಿಗೂ ಅದರದೇ ಜಾಗ ಇದೆ. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ರಕ್ತ ಕಡಿಮೆ. ಸೊಪ್ಪು, ಕಾಳು, ಮೊಟ್ಟೆ, ಜೊತೆಗೆ ಅಂಗನವಾಡಿ, ಉಪಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಬಿಡಬೇಡಿ. ಗರ್ಭಚೀಲ ಸ್ವಲ್ಪ ಜಾರಿದ್ದರೆ ಮೂತ್ರ ತಡೆಹಿಡಿದಂತೆ ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ನಿಜಕ್ಕೂ ಉಪಯೋಗ. ಹೆರಿಗೆಯಾದ ಹೊಸತರಲ್ಲಿ ಭಾರ ಎತ್ತದಂತೆ ನೋಡಿಕೊಳ್ಳುವುದು, ಮುಟ್ಟಿನ ಬಟ್ಟೆ ಬಿಸಿಲಲ್ಲಿ ಒಣಗಿಸುವುದು, ತೂಕ ಏರದಂತೆ ನೋಡಿಕೊಳ್ಳುವುದು, ಇವಕ್ಕೆ ಯಾರಿಗೂ ಬಾಟಲಿಯ ದುಡ್ಡು ಕೊಡಬೇಕಿಲ್ಲ. ಆದರೆ ಬಾಣಂತಿಯನ್ನು ತಿಂಗಳಾಗುವ ಮೊದಲೇ ನೀರು ಹೊರಲು ಕಳಿಸುವ ಮನೆಯವರು ಶತಾವರಿ ಪುಡಿ ತಂದುಕೊಟ್ಟರೆ ಏನು ಬಂತು? ಈ ಮಾತು ಗಂಡಸರಿಗೆ.

ಕಾನೂನು ನಮ್ಮ ಕಡೆ ಇದೆ. 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಮಾರ್ಗಸೂಚಿ ಹೊರಡಿಸಿತು. ರಾಷ್ಟ್ರ, ರಾಜ್ಯ, ಜಿಲ್ಲೆ, ಮೂರೂ ಹಂತದಲ್ಲಿ ನಿಗಾ ಸಮಿತಿ ಇರಬೇಕು ಅಂದಿತು. ಡಾ. ನರೇಂದ್ರ ಗುಪ್ತಾ 2013ರಲ್ಲಿ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟು, ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಇದನ್ನು ಜಾರಿ ಮಾಡಬೇಕು, ತಪ್ಪು ಮಾಡಿದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕು ಅಂತ ಹೇಳಿದೆ.

ಆದ್ದರಿಂದ ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮೂರು ಪ್ರಶ್ನೆ. ನಮ್ಮ ಜಿಲ್ಲೆಯ ನಿಗಾ ಸಮಿತಿಯಲ್ಲಿ ಯಾರಿದ್ದಾರೆ? ಅದು ಕೊನೆಗೆ ಸೇರಿದ್ದು ಯಾವಾಗ? ಕಳೆದ ವರ್ಷ ನಲವತ್ತರೊಳಗಿನ ಎಷ್ಟು ಜನರ ಗರ್ಭಚೀಲ ತೆಗೆದಿದ್ದಾರೆ, ಯಾವ ಕಾರಣಕ್ಕೆ? ಉತ್ತರವನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಹಚ್ಚಿ. ಹಚ್ಚದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ, ಯಾರು ಬೇಕಾದರೂ ಹಾಕಬಹುದು.

ಅಕ್ಕ, ಅವ್ವ, ತಂಗಿಯರೇ, ಆಪರೇಷನ್ ಅಂದ ಕೂಡಲೇ ಸಹಿ ಹಾಕಬೇಡಿ. ಮೊದಲು ಕೇಳಿ: ನನಗೆ ಇರುವ ರೋಗದ ಹೆಸರು ಏನು, ಕಾಗದದ ಮೇಲೆ ಬರೆದು ಕೊಡಿ. ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು? ಮಾತ್ರೆ, ವಂಕಿಯಲ್ಲಿ ಆಗುವುದಿಲ್ಲವೇ? ಅಂಡಾಶಯ ಉಳಿಸುತ್ತೀರಾ? ಒಂದು ತಿಂಗಳು ಕಾದರೆ ಏನಾಗುತ್ತದೆ? ರಕ್ತ ಸುರಿಯುತ್ತಿರುವ ತುರ್ತು ಹೊತ್ತು ಬಿಟ್ಟರೆ, ಈ ಐದಕ್ಕೆ ಉತ್ತರ ಕೊಡದ ಆಸ್ಪತ್ರೆಯಿಂದ ಎದ್ದು ಬನ್ನಿ. ಆ ಚೀಟಿ ಹಿಡಿದು ತಾಲೂಕು ಅಥವಾ ಜಿಲ್ಲಾ ಸರ್ಕಾರಿ ಆಸ್ಪತ್ರೆಯ ಹೆರಿಗೆ ಡಾಕ್ಟರಿಗೆ ತೋರಿಸಿ. ಹೋಗುವಾಗ ಆಶಾ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿ.