ಒರಾಕಲ್ ಬಿಟ್ಟು ಪೋಸ್ಟ್‌ಗ್ರೆಸ್‌ಗೆ: ಡೇಟಾಬೇಸ್ ಬದಲಾದರೆ ಗ್ರಾಹಕರ ಹೆಸರೇ ಮಾಯ!

ಪುಣೆ: ಲೈಸೆನ್ಸ್ ಶುಲ್ಕದ ಹೊರೆ ಇಳಿಸಿಕೊಳ್ಳಲು ಹಲವು ಸಂಸ್ಥೆಗಳು ಒರಾಕಲ್ ಡೇಟಾಬೇಸ್ ಬಿಟ್ಟು, ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್‌ನತ್ತ ಮುಖ ಮಾಡಿವೆ. ಇ-ಆಡಳಿತದಲ್ಲಿ ಓಪನ್ ಸೋರ್ಸ್ ತಂತ್ರಾಂಶಕ್ಕೆ ಆದ್ಯತೆ ಎಂದು ಕೇಂದ್ರ ಸರ್ಕಾರವೂ 2015ರಲ್ಲೇ ನೀತಿ ಪ್ರಕಟಿಸಿತ್ತು. ಈ ಕೆಲಸದಲ್ಲಿ ಪುಣೆಗೆ ವಿಶೇಷ ಸ್ಥಾನವಿದೆ. ಪೋಸ್ಟ್‌ಗ್ರೆಸ್ ಅನ್ನೇ ನೆಚ್ಚಿಕೊಂಡಿರುವ ಅಮೆರಿಕದ ಎಂಟರ್‌ಪ್ರೈಸ್‌ಡಿಬಿ ಕಂಪನಿಯ ದೊಡ್ಡ ಕಚೇರಿ ಇಲ್ಲಿದೆ. ಆನಂದ್ ದೇಶಪಾಂಡೆ 1990ರಲ್ಲಿ ಕಟ್ಟಿದ ಪರ್ಸಿಸ್ಟೆಂಟ್ ಸಿಸ್ಟಮ್ಸ್‌ನ ತವರೂ ಇದೇ.

ಎರಡೂ ಡೇಟಾಬೇಸ್‌ಗಳ ಭಾಷೆ ಎಸ್‌ಕ್ಯೂಎಲ್. ಹಾಗಿದ್ದರೆ ತೊಂದರೆ ಏನು? ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವಂಥ ವ್ಯತ್ಯಾಸ ಇಲ್ಲೂ ಇದೆ. ಒರಾಕಲ್‌ನ 'ಎನ್‌ವಿಎಲ್' ಇದ್ದಲ್ಲಿ ಪೋಸ್ಟ್‌ಗ್ರೆಸ್‌ಗೆ 'ಕೋಅಲೆಸ್' ಎನ್ನಬೇಕು, 'ರೋನಮ್' ಇದ್ದಲ್ಲಿ 'ಲಿಮಿಟ್'. ಇವು ಸುಲಭದ ಕೆಲಸ. ಬದಲಿಸಲು ಮರೆತರೆ ಕ್ವೆರಿ ಓಡುವುದೇ ಇಲ್ಲ, ಎರರ್ ಬರುತ್ತದೆ, ತಿದ್ದಬಹುದು. ಬಹುಪಾಲನ್ನು 'ಓರಾ2ಪಿಜಿ'ಯಂಥ ಟೂಲ್‌ಗಳೇ ಮಾಡಿಕೊಡುತ್ತವೆ.

ಎರರ್ ಕೊಡದೆ ತಪ್ಪು ಉತ್ತರ ಕೊಡುವ ಕ್ವೆರಿಗಳೇ ನಿಜವಾದ ಅಪಾಯ. ಮಹಾರಾಷ್ಟ್ರದ ರೂಢಿಯಂತೆ ಒಂದು ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಖಾನೆಗಳಿವೆ ಎನ್ನೋಣ. ಕರ್ನಾಟಕದಿಂದ ಬಂದವರಲ್ಲಿ ಅನೇಕರಿಗೆ ಅಡ್ಡಹೆಸರೇ ಇರುವುದಿಲ್ಲ. ಖಾಲಿ ಬಿಟ್ಟ ಖಾನೆಯನ್ನು ಒರಾಕಲ್ 'ನಲ್', ಅಂದರೆ ಮೌಲ್ಯವಿಲ್ಲ, ಎಂದು ಬರೆದಿಟ್ಟುಕೊಳ್ಳುತ್ತದೆ. ಮೂರನ್ನೂ ಜೋಡಿಸು ಎಂದರೆ 'ನಲ್' ಬಿಟ್ಟು ಉಳಿದಿದ್ದನ್ನು ಕೊಡುತ್ತದೆ. ಅದೇ ದತ್ತಾಂಶಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಕ್ವೆರಿ ಓಡಿಸಿದರೆ, ಒಂದು ಖಾನೆ 'ನಲ್' ಆಗಿದ್ದರೂ ಸಾಕು, ಇಡೀ ಹೆಸರೇ 'ನಲ್'! ದತ್ತಾಂಶ ಒಂದಕ್ಷರವೂ ಕಳೆದಿಲ್ಲ, ಆದರೆ ಪಾಸ್‌ಬುಕ್‌ನಲ್ಲಿ ಹೆಸರಿನ ಜಾಗ ಖಾಲಿ. ದಿನಾಂಕದ್ದೂ ಇಂಥದ್ದೇ ಕಥೆ. ಒರಾಕಲ್‌ನ 'ಡೇಟ್' ಗಂಟೆ-ನಿಮಿಷವನ್ನೂ ಹಿಡಿದಿಡುತ್ತದೆ, ಪೋಸ್ಟ್‌ಗ್ರೆಸ್‌ನ 'ಡೇಟ್' ದಿನವನ್ನಷ್ಟೇ.

ಎಂಟರ್‌ಪ್ರೈಸ್‌ಡಿಬಿ ಇದಕ್ಕೊಂದು ಅಡ್ಡದಾರಿ ಕೊಡುತ್ತದೆ. ಅದರ ಡೇಟಾಬೇಸ್, ಹೆಸರು ಜೋಡಿಸುವುದೂ ಸೇರಿ, ಒರಾಕಲ್‌ನಂತೆಯೇ ವರ್ತಿಸಬಲ್ಲದು. ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಅದು ಶುಲ್ಕವಿರುವ ಉತ್ಪನ್ನ. ಕ್ವೆರಿಗಳು ಹಳೆಯ ಧಾಟಿಯಲ್ಲೇ ಉಳಿದು, ಒಬ್ಬರ ಹಂಗಿನಿಂದ ಇನ್ನೊಬ್ಬರ ಹಂಗಿಗೆ ಹೋದಂತಾಗುತ್ತದೆ.

ದತ್ತಾಂಶ ಸುರಕ್ಷಿತವಾಗಿ ತಲುಪಿದರಷ್ಟೇ ಸಾಲದು ಎಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸಾಕ್ಷಿ. 2018ರ ಏಪ್ರಿಲ್‌ನಲ್ಲಿ ಅಲ್ಲಿ ದತ್ತಾಂಶ ಸರಿಯಾಗಿಯೇ ಸ್ಥಳಾಂತರಗೊಂಡಿತ್ತು. ಕೈಕೊಟ್ಟಿದ್ದು ಹೊಸ ವ್ಯವಸ್ಥೆ. ಲಕ್ಷಾಂತರ ಗ್ರಾಹಕರು ಪರದಾಡಿದರು. 2022ರಲ್ಲಿ ಬ್ಯಾಂಕಿಗೆ ಬಿದ್ದ ದಂಡ 4.86 ಕೋಟಿ ಪೌಂಡ್.

ಹಳೆಯದನ್ನೂ ಹೊಸದನ್ನೂ ಕೆಲವು ತಿಂಗಳು ಜೊತೆಯಾಗಿ ಓಡಿಸಿ, ಎರಡರ ಉತ್ತರಗಳನ್ನೂ ತಾಳೆ ನೋಡಿದರೆ ಇಂಥ ತಪ್ಪುಗಳು ಮೊದಲೇ ಸಿಕ್ಕಿಬೀಳುತ್ತವೆ. ತೊಡಕೆಂದರೆ, ಅಷ್ಟೂ ದಿನ ಹಳೆಯ ಡೇಟಾಬೇಸಿನ ಖರ್ಚನ್ನೂ ಹೊರಬೇಕು. ಖರ್ಚು ಉಳಿಸಲೆಂದೇ ಹೊರಟವರು ಮೊದಲು ಕತ್ತರಿ ಹಾಕುವುದು ಈ ತಾಳೆ ನೋಡುವ ಅವಧಿಗೇ.