ನಕಲಂತೆ, ಯಾರದು?

"ನಮ್ಮ ದೇಶದ ದೊಡ್ಡ ಯಂತ್ರವೆಲ್ಲ ಪರದೇಶದ ನಕಲು. ಬರಿಯ ವಿಜ್ಞಾನ ಓದಿ ಮಕ್ಕಳಿಗೆ ಏನು ಬಂತು?" ಮಲಾಡಿನ ನಮ್ಮ ಕೂಟಗಳಲ್ಲಿ ಕಾಫಿಯ ಹಿಂದೆಯೇ ಈ ಮಾತೂ ಬರುತ್ತದೆ. (ಬಿ.ಎಸ್ಸಿ. ಮಾಡಿ ಸರ್ಕಾರಿ ಕಡತ ಹೊರುವ ನನ್ನತ್ತ ಒಂದು ನೋಟವೂ ಬೀಳುತ್ತದೆ!)

ಆಕಾಶದ ರೇಡಿಯೋ ಅಲೆ ಹಿಡಿಯಲು 1965ರಲ್ಲಿ ಕಲ್ಯಾಣದಲ್ಲಿ ನಿಲ್ಲಿಸಿದ 32 ತಟ್ಟೆಗಳು ಆಸ್ಟ್ರೇಲಿಯದಿಂದ ಬಂದವು, ನಿಜ. ಆದರೆ ಕೊಲಾಬಾದ ಟಾಟಾ ಸಂಸ್ಥೆಯ ಗೋವಿಂದ ಸ್ವರೂಪ್, ಅಲಹಾಬಾದಿನ ಎಂ.ಎಸ್ಸಿ., 1970ರ ಹೊತ್ತಿಗೆ ಊಟಿಯಲ್ಲಿ ಮಾಡಿದ್ದೇನು? ಅಲ್ಲಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಇಳಿಜಾರೂ ಅಷ್ಟೇ ಇರುವ ಗುಡ್ಡ ಹುಡುಕಿ, 530 ಮೀಟರ್ ಉದ್ದದ ದೂರದರ್ಶಕವನ್ನು ಉತ್ತರ-ದಕ್ಷಿಣವಾಗಿ ಮಲಗಿಸಿದರು. ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಆ ಒಂದೇ ಅಕ್ಷದ ಮೇಲೆ ಮೆಲ್ಲಗೆ ಹೊರಳಿಸಿದರೆ ಒಂದು ನಕ್ಷತ್ರಲೋಕವನ್ನು ಒಂಬತ್ತು ಗಂಟೆ ಬೆನ್ನಟ್ಟಬಹುದು.

ನಾರಾಯಣಗಾಂವ್ ಬಳಿಯ ಖೋಡದ್ ಸುತ್ತಮುತ್ತ 1990ರ ದಶಕದಲ್ಲಿ ಎದ್ದ, 45 ಮೀಟರ್ ವ್ಯಾಸದ 30 ತಟ್ಟೆಗಳಿಗೆ ತಗಡೇ ಇಲ್ಲ. ಉಕ್ಕಿನ ಹಗ್ಗಕ್ಕೆ ಬಿಗಿದ ಸಣ್ಣ ತಂತಿಯ ಬಲೆ. ಉದ್ದನೆಯ ರೇಡಿಯೋ ಅಲೆಗೆ ಆ ಬಲೆಯೇ ಗೋಡೆ, ಗಾಳಿಗೆ ಕಿಟಕಿ. ಗಾಳಿಯ ಹೊಡೆತ ತಗ್ಗಿತು. ಅದರೊಡನೆ ಕಬ್ಬಿಣದ ತೂಕ, ಖರ್ಚು ಎರಡೂ ತಗ್ಗಿದವು.

ಕಲ್ಯಾಣ ದಾಟಿ ಮಾಳಶೇಜ್ ಘಾಟ್ ಹತ್ತಿದರೆ ಖೋಡದ್ ದೂರವಿಲ್ಲ. ನಕಲೆನ್ನುವವರು ಮಕ್ಕಳ ಸಮೇತ ಹೋಗಿ ನೋಡಲಿ, ಬಂದು ಮೂಲ ಯಾವ ದೇಶದಲ್ಲಿದೆ ಹೇಳಲಿ.